ಗೌನಿಪಲ್ಲಿಯ ಎರಡು ಪೈಪುಗಳು

ಮಾಲೂರಿನಿಂದ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಹೊರಟೆವು. ನಾನು ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಮ್ಮ. ಜೊತೆಗಿದ್ದವರು ನಮ್ಮ ಲ್ಯಾಬಿನ ಅಟೆಂಡರ್, ಹೋಳೂರಿನ ಮುನಿವೆಂಕಟಪ್ಪ. ನಡುವೆ ಕಂಬಳಿ ಸುತ್ತಿದ ಪೆಟ್ಟಿಗೆ. ಅದರಲ್ಲಿ ನಾವಿಬ್ಬರೂ ಮೂರು ವರ್ಷ ಕೂತು ಕಟ್ಟಿದ ಯಂತ್ರವಿತ್ತು: ನೀರನ್ನು ಮುಟ್ಟದೆ, ಲೇಸರ್ ಬೆಳಕಿನಿಂದಲೇ ಅದರ ವೇಗ ಅಳೆಯುವಂಥದು. ಲ್ಯಾಬಿನ ಮೇಜು ಬಿಟ್ಟು ಅದು ಹೊರಗೆ ಬಂದದ್ದು ಅದೇ ಮೊದಲು.

ಹೆಂಗಸೆಂದು ನನಗೆ ಶೂನ್ಯ ಟಿಕೆಟ್, ಪೆಟ್ಟಿಗೆಗೆ ಲಗೇಜು ಚಾರ್ಜು.

"ಏನ್ ಮೇಡಂ ಇದ್ರಾಗೆ?" ಎಂದರು ಕಂಡಕ್ಟರ್.

"ಎದುರು ಬರೋ ಬಸ್ಸಿನ ಹಾರನ್ನು ನಮ್ಮನ್ನ ದಾಟಿದ ಕೂಡ್ಲೇ ಸ್ವರ ಇಳಿಸ್ತದಲ್ಲ, ಹಂಗೇ ಓಡೋ ಕಣದ ಮೇಲೆ ಬಿದ್ದು ಚೆದುರೋ ಬೆಳಕೂ ಒಂಚೂರು ಬದಲಾಗ್ತದೆ. ಅದನ್ನ ಹಿಡಿದ್ರೆ ವೇಗ ಗೊತ್ತಾಗ್ತದೆ."

"ನಮ್ಮ ಡ್ರೈವರ್‌ದೂ ಅಳೀಬೋದಾ?"

"ಅಳೀಬೋದು."

"ಅವರಿಗೆ ಹೇಳ್ಬೇಡಿ" ಎಂದು ಮುಂದಿನ ಸೀಟಿಗೆ ಹೋದರು.

ಕೋಲಾರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು, ಶ್ರೀನಿವಾಸಪುರದಲ್ಲಿ ಮತ್ತೊಮ್ಮೆ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಮಾವು ಹೂವಾಗಿತ್ತು. ರಸ್ತೆ ಮಾತ್ರ ಹಳ್ಳ ಬಿದ್ದಿತ್ತು. ಮುನಿವೆಂಕಟಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೌನಿಪಲ್ಲಿಯವರೆಗೂ ಹಾಗೇ ಕೂತರು.

ಊರಾಚೆಯ ತೋಟ ಅವರ ನಾದಿನಿಯರದು. ಅಕ್ಕ ನಾರಾಯಣಮ್ಮ, ತಂಗಿ ಲಕ್ಷ್ಮೀದೇವಮ್ಮ. ಇಬ್ಬರಿಗೂ ಒಂದೇ ಬೋರ್‌ವೆಲ್. ನೀರು ತೊಟ್ಟಿಗೆ ಬಿದ್ದು, ಅಲ್ಲಿಂದ ಮೋಟಾರು ಅದನ್ನು ಎರಡು ಪೈಪಿಗೆ ತಳ್ಳುತ್ತದೆ. ತನ್ನ ಗಿಡಗಳಿಗೆ ನೀರು ಸಾಲದೆಂದು ತಂಗಿ, ಸುಳ್ಳೆಂದು ಅಕ್ಕ. ಎರಡು ವರ್ಷದಿಂದ ಮಾತಿಲ್ಲ.

"ಮೋಟಾರ್ ಮನೆ ಹತ್ರ ಪೈಪ್ ಬಿಚ್ಚಿ ಬಿಂದಿಗೆ ಇಟ್ಟು ನೋಡಿದ್ವಿ ಬಾವಾ, ಎರಡೂ ಸಮಾನೇ ತುಂಬ್ತವೆ. ಇವಳಿಗೆ ಇನ್ನೇನು ಬೇಕಂತೆ?" ಎಂದರು ನಾರಾಯಣಮ್ಮ.

ಬಿಚ್ಚಿದ ಪೈಪಿನ ನೀರು ಬೇರೆ, ತೋಟಕ್ಕೆ ಓಡುವ ನೀರು ಬೇರೆ. ಓಡುವುದನ್ನು ಓಡುತ್ತಿರುವಾಗಲೇ ಅಳೆಯಬೇಕು. ಮುನಿವೆಂಕಟಪ್ಪ ಎರಡೂ ಪೈಪುಗಳಿಗೆ ಒಂದೊಂದು, ಒಂದೇ ಅಳತೆಯ ಗಾಜಿನ ಕೊಳವೆ ಕೂರಿಸಿದರು. ಒಂದೇ ಲೇಸರನ್ನು ಎರಡು ಎಳೆಯಾಗಿ ಸೀಳಿ, ಅವು ಗಾಜಿನೊಳಗೆ ಒಂದು ಬಿಂದುವಿನಲ್ಲಿ ಒಂದನ್ನೊಂದು ದಾಟುವಂತೆ ನಾನು ಹೊಂದಿಸಿದೆ. ಎಳೆಗಳು ಕೂಡಿದಲ್ಲಿ ಬೆಳಕು, ಕತ್ತಲೆಯ ಸಣ್ಣ ಪಟ್ಟೆಗಳು ಮೂಡುತ್ತವೆ. ನೀರಿನಲ್ಲಿನ ಧೂಳು ಅವುಗಳನ್ನು ದಾಟುವಾಗ ಮಿನುಗುತ್ತದೆ. ಮಿನುಗು ಬೇಗಬೇಗ ಆದಷ್ಟೂ ನೀರು ಜೋರು.

ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಬಂತು. ಎರಡಕ್ಕೆ ಹೋಗುತ್ತದೆ. ಮೋಟಾರು ಓಡಿತು, ಯಂತ್ರದ ಪರದೆಯ ಮೇಲೆ ಒಂದು ಗೆರೆಯೂ ಏಳಲಿಲ್ಲ. ಎಳೆಗಳನ್ನು ಮತ್ತೆ ಮತ್ತೆ ಹೊಂದಿಸಿದೆ; ಒಂದು ಗಂಟೆ ಹೋಯಿತು. ಮೂರು ವರ್ಷದ ಕೆಲಸ ಇಷ್ಟೇನಾ ಎನಿಸಿತು.

ಮುನಿವೆಂಕಟಪ್ಪ ಅಂಗೈಯಲ್ಲಿ ನೀರು ಹಿಡಿದು ನೋಡಿದರು. "ಮೇಡಮ್ನೋರೆ, ನೀರು ಬಲೇ ತಿಳಿಯಾಗೈತೆ. ಮಿನುಗೋಕೆ ಧೂಳೇ ಇಲ್ಲ."

"ಹಾಲು ಸಿಕ್ತದಾ?" ಎಂದೆ.

ಲಕ್ಷ್ಮೀದೇವಮ್ಮ ಮನೆಗೆ ಓಡಿ ಒಂದು ಲೋಟ ತಂದರು. ತೊಟ್ಟಿಗೆ ಹುಯ್ದೆವು. ಎಣಿಸಲಾಗದಷ್ಟು ಸಣ್ಣ ಕೊಬ್ಬಿನ ಕಣಗಳು ಗಾಜಿನೊಳಗೆ ಹರಿದವು. ಪರದೆಯಲ್ಲಿ ಚೂಪಾದ ಒಂದು ಶಿಖರ ಎದ್ದು ನಿಂತಿತು. ನಾನು ಮುನಿವೆಂಕಟಪ್ಪನವರ ತೋಳು ಹಿಡಿದುಕೊಂಡೆ; ಅವರ ಕಣ್ಣು ತುಂಬಿತ್ತು.

ಅಕ್ಕನ ನೀರು ಸೆಕೆಂಡಿಗೆ ಒಂದು ಮೀಟರು. ತಂಗಿಯದು ಅದರ ಅರ್ಧ.

"ಬಿಚ್ಚಿದ್ರೆ ಸಮ, ಜೋಡಿಸಿದ್ರೆ ಅರ್ಧ. ಅಂದ್ರೆ ತಡೆ ಇಲ್ಲಿಲ್ಲ, ತೋಟದ ಕಡೆ ಐತೆ" ಎಂದೆ. ಮುನಿವೆಂಕಟಪ್ಪ ಹಾರೆ ತಗೊಂಡು ತಂಗಿಯ ಪೈಪಿನ ದಾರಿ ಹಿಡಿದರು. ಬೇಲಿಯ ಹತ್ತಿರ ಅದು ತಿರುಗುವಲ್ಲಿ ಅಗೆದು, ಮೊಣಕೈಯಂತೆ ಬಾಗಿದ ತುಂಡನ್ನು ಕೊಯ್ದು ತೆಗೆದರು. ಒಳಗೆ ಬೆರಳು ದಪ್ಪ ಬಿಳಿ ಸುಣ್ಣ ಕಟ್ಟಿತ್ತು. ಯಾರೂ ಕದ್ದಿರಲಿಲ್ಲ, ಗಡಸು ನೀರೇ ತನ್ನ ದಾರಿಯನ್ನು ಮುಚ್ಚಿಕೊಂಡಿತ್ತು.

"ಚೂಡಕ್ಕಾ, ನೋಡಿಲ್ಲಿ" ಎಂದು ಲಕ್ಷ್ಮೀದೇವಮ್ಮ ಅದನ್ನು ಅಕ್ಕನ ಮುಂದೆ ಹಿಡಿದರು. ನಾರಾಯಣಮ್ಮ ಬೆರಳು ಹಾಕಿ ಸುಣ್ಣ ಮುಟ್ಟಿದರು. "ನಾನು ನಿನ್ನ ಮಾತು ನಂಬಬೇಕಾಗಿತ್ತು ಕಣೇ" ಎಂದರು.

ಹೊಸ ತುಂಡು ಹಾಕಿ ಮತ್ತೆ ಅಳೆದಾಗ ಕರೆಂಟು ಹೋಗಲು ಹತ್ತು ನಿಮಿಷವಿತ್ತು. ಎರಡು ಪೈಪಿನ ಶಿಖರಗಳೂ ಒಂದೇ ಜಾಗದಲ್ಲಿ ನಿಂತವು.

ಮುದ್ದೆ, ಅವರೆಕಾಳು ಸಾರು ಉಂಡು ಹೊರಟೆವು. ರಾತ್ರಿ ಉಳಿಯುವುದು ಮುಳಬಾಗಿಲಿನ ನನ್ನ ತವರಿನಲ್ಲಿ. ಬಸ್ಸು ತೋಟದ ಪಕ್ಕ ಹಾದಾಗ ಹಿಂತಿರುಗಿ ನೋಡಿದೆ. ಅಕ್ಕತಂಗಿಯರು ತೊಟ್ಟಿಯ ಕಟ್ಟೆಯ ಮೇಲೆ ಕೂತು ಒಬ್ಬರ ಮಾತಿನ ಮೇಲೊಬ್ಬರು ತೆಲುಗಿನಲ್ಲಿ ಮಾತಾಡುತ್ತಿದ್ದರು. ನಾವು ಕೈಬೀಸಿದ್ದು ಇಬ್ಬರಿಗೂ ಕಾಣಲಿಲ್ಲ.