ಸಾಲು ಮುಗಿಯುವವರೆಗಿನ ಉಸಿರು

ನನ್ನ ಗಂಡ ಮಸ್ಕತ್‌ನಲ್ಲಿ ಶುಕ್ರವಾರದ ರಾಜ. ಉಳಿದ ದಿನ ರುಸೈಲ್‌ನ ಮಾರ್ಬಲ್ ಫ್ಯಾಕ್ಟರಿಯಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಸೂಪರ್‌ವೈಸರ್. ವಾರವೆಲ್ಲ ಹುಬ್ಬಿನ ಮೇಲೆ ಬಿಳಿ ಧೂಳು ಹೊತ್ತು ಬರುತ್ತಿದ್ದ ಮನುಷ್ಯ, ರಜೆಯ ಶುಕ್ರವಾರ ಕಪ್ಪು ಸೂಟು ತೊಟ್ಟು ಸ್ಯಾಕ್ಸೋಫೋನ್ ಕೊರಳಿಗೆ ಹಾಕಿಕೊಂಡು ವೇದಿಕೆ ಹತ್ತಿದರೆ ನನಗೇ ಗುರುತು ಸಿಗುತ್ತಿರಲಿಲ್ಲ. ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಕ್ರಿಸ್‌ಮಸ್ ಡಾನ್ಸ್, ಮದುವೆಯ ಬೆಳ್ಳಿಹಬ್ಬ, ಎಲ್ಲದಕ್ಕೂ ಅವರದೇ ಬ್ಯಾಂಡ್. ನುಡಿಸುತ್ತಿದ್ದದ್ದು ಅಜ್ಜಂದಿರ ಕಾಲದ ಸ್ವಿಂಗ್, ಜೋಡಿಯಾಗಿ ಕುಣಿಯುವ ವಾಲ್ಟ್ಜ್. ನಡುನಡುವೆ ಸ್ಯಾಕ್ಸ್ ಇಳಿಸಿ ಕೊಂಕಣಿ ಹಾಡು. ಊರಿನ ಚರ್ಚ್ ಬ್ಯಾಂಡಿನಲ್ಲಿ ಕಲಿತ ವಿದ್ಯೆ. ಜಂಬವೂ ಅಲ್ಲಿಂದಲೇ ಬಂದಿರಬೇಕು.

ಊದುವಾಗ ಹಾಡಿನ ಸಾಲಿನ ಮಧ್ಯೆ ಉಸಿರು ತೆಗೆಯಬಾರದು ಎಂಬುದು ಅವರ ಹಟ. ಹಾಗೆ ತೆಗೆಯುವವನು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದವನು ಎನ್ನುತ್ತಿದ್ದರು.

ಕೆಮ್ಮು ಶುರುವಾದಾಗ ಎಸಿ ಗಾಳಿಯದ್ದು ಎಂದರು. ಸ್ವರ ಒಡೆದಾಗ ರೀಡ್ ಸರಿಯಿಲ್ಲ ಎಂದರು. ರೀಡ್ ಎಂದರೆ ಸ್ಯಾಕ್ಸಿನ ಬಾಯಿಗೆ ಕಟ್ಟುವ ತೆಳು ಪಟ್ಟಿ. ಊರಿಂದ ಬರುವವರ ಕೈಯಲ್ಲೆಲ್ಲ ಅದನ್ನೇ ತರಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಕೆಣಕಿದರೆ ಸಿಟ್ಟು.

"ಒಮ್ಮೆ ಡಾಕ್ಟರಿಗೆ ತೋರಿಸುವ" ಎಂದೆ.

"ಎಂತಕ್ಕೆ ಮಾರಾಯ್ತಿ? ನಿನ್ನೆ ಡಾನ್ಸಿನಲ್ಲಿ ನೀನೂ ಇದ್ದೆಯಲ್ಲ, ಒಂದು ಸಾಲಾದರೂ ತುಂಡಾಯಿತಾ?"

ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ಅವರ ವಾಲ್ಟ್ಜ್ ತಿಂಗಳಿಂದ ತಿಂಗಳಿಗೆ ಚುರುಕಾಗುತ್ತಿತ್ತು. ಕುಣಿಯುವವರು ಬೆವರುತ್ತ, ನಗುತ್ತ, "ವಯಸ್ಸಾದ ಹಾಗೆ ಇವರಿಗೆ ಹುರುಪು ಜಾಸ್ತಿ" ಎನ್ನುತ್ತಿದ್ದರು. ದೇಶದ ಆ ತುದಿಯ ಸಲಾಲಾದಿಂದಲೂ ಕರೆ ಬಂತು. ಕೆಮ್ಮು ಶುರುವಾದ ಮೇಲಿನ ಆ ಎರಡು ವರ್ಷ ಸಿಕ್ಕಷ್ಟು ಹೆಸರು ಅವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಬ್ಯಾಂಡಿನಲ್ಲಿ ಡ್ರಮ್ಸ್ ಹೊಡೆಯುವವನು ನನ್ನ ಸ್ವಂತ ತಮ್ಮ. ಅವನು ರಜೆಯಲ್ಲಿ ಊರಿಗೆ ಹೋದಾಗ ಒಂದು ಬೆಳ್ಳಿಹಬ್ಬಕ್ಕೆ ಗೋವಾದ ಡ್ರಮ್ಮರ್ ಒಬ್ಬರು ಬಂದರು. ಪಾಪ, ಅವರು ವಾಲ್ಟ್ಜನ್ನು ಅದು ಇರಬೇಕಾದ ವೇಗದಲ್ಲೇ ಹೊಡೆದರು. ಮೊದಲ ಸಾಲಿನ ಮುಕ್ಕಾಲಿಗೇ ಸ್ಯಾಕ್ಸ್ ನಿಂತಿತು. ನನ್ನ ಗಂಡ ಹಿಂದೆ ತಿರುಗಿ ಬೇಗ ಬೇಗ ಎಂದು ಕೈಸನ್ನೆ ಮಾಡಿದರು.

"ಇದರ ಸ್ಪೀಡ್ ಇದೇ ಅಲ್ವಾ ಸರ್?" ಎಂದರು ಡ್ರಮ್ಮರ್, ಹಿಂದಿಯಲ್ಲಿ.

ನನ್ನ ಗಂಡ ಏನೋ ಲೆಕ್ಕ ಹಾಕುವವರ ಹಾಗೆ ಡ್ರಮ್ಸನ್ನೇ ನೋಡಿದರು. ಮತ್ತೊಮ್ಮೆ ಊದಿದರು, ಅಷ್ಟಕ್ಕೇ ನಿಂತಿತು. ಕೇಕ್ ಕತ್ತರಿಸಿ ಕುಣಿಯಲು ನಿಂತ ಗಂಡಹೆಂಡತಿ ಒಬ್ಬರ ಸೊಂಟ ಒಬ್ಬರು ಹಿಡಿದು ಹಾಗೇ ಕಾಯುತ್ತಿದ್ದರು. ಇವರು ವೇದಿಕೆಯ ಮೇಲೇ, ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

ಕಲ್ಲಿನ ಧೂಳು ಕೂತು ಶ್ವಾಸಕೋಶ ಗಟ್ಟಿಯಾಗಿದೆ ಎಂದರು ಡಾಕ್ಟರು. ಎರಡು ವರ್ಷ ಮೊದಲೇ ಬಂದು ಆ ಕೆಲಸ ಬಿಟ್ಟಿದ್ದರೆ ಸ್ವಲ್ಪವಾದರೂ ತಡೆಯಬಹುದಿತ್ತಂತೆ.

ತಮ್ಮ ಊರಿಂದ ಓಡಿ ಬಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹೇಳಿದ: "ಭಾವನಿಗೆ ಉಸಿರು ಸಾಲ್ತಾ ಇರ್ಲಿಲ್ಲ ಅಕ್ಕ. ಎಲ್ಲರೆದುರು ಮರ್ಯಾದೆ ಹೋಗ್ಬಾರ್ದು ಅಂತ ಉಸಿರು ಮುಗಿಯೋದ್ರೊಳಗೆ ಸಾಲು ಮುಗೀಲಿ ಅಂತ ನಾನೇ ಸ್ವಲ್ಪ ಸ್ವಲ್ಪ ಸ್ಪೀಡ್ ಮಾಡ್ತಾ ಬಂದೆ. ಬ್ಯಾಂಡಿನವರಿಗೆಲ್ಲ ಗೊತ್ತುಂಟು."

ಕೆನ್ನೆಗೆ ಬಾರಿಸಬೇಕು ಎನಿಸಿತು. ಇಷ್ಟು ಪ್ರೀತಿ ಮಾಡುವ ಬದಲು ಒಂದು ಮಾತು ನನ್ನ ಕಿವಿಗೆ ಹಾಕಬಾರದಿತ್ತೇ? ಇಂದಿಗೂ ನನಗೆ ಆ ಸಿಟ್ಟು ಇಳಿದಿಲ್ಲ. ಗಂಡನಿಗೆ ಮಾತ್ರ ಅವನ ಮೇಲೆ ಒಂದಿಷ್ಟೂ ಬೇಸರವಿಲ್ಲ. ಆಕ್ಸಿಜನ್ ಮಾಸ್ಕ್ ಸರಿಸಿ ನನಗೇ ಬುದ್ಧಿ ಹೇಳಿದರು: "ಬೈಬೇಡ ಅವನಿಗೆ. ಅವನಿಂದಾಗಿ... ಎರಡು ವರ್ಷ... ನುಡಿಸಿದೆ."

ಅಷ್ಟು ಹೇಳಲು ಎರಡು ಸಲ ನಿಲ್ಲಬೇಕಾಯಿತು, ಸಾಲಿನ ಮಧ್ಯೆ ಎಂದೂ ಉಸಿರು ತೆಗೆಯದ ಮನುಷ್ಯನಿಗೆ.

ಕೆಲಸ ಖಲಾಸ್, ವೀಸಾವೂ ಮುಗಿಯಿತು. ವಿಮಾನದಲ್ಲಿ ಆಕ್ಸಿಜನ್ ಕೊಡಲು ಒಪ್ಪಿಗೆ ಸಿಗುವವರೆಗೆ ಇಲ್ಲೇ ಕಾಯಬೇಕು. ಮೊನ್ನೆ ಶುಕ್ರವಾರ ಮಧ್ಯಾಹ್ನ ತಮ್ಮ ಮಂಚದ ಪಕ್ಕ ಕುಳಿತಿದ್ದ. ಅವನ ಬೆರಳು ಅವನಿಗೇ ಅರಿವಿಲ್ಲದೆ ಮಂಚದ ಕಂಬಿಯ ಮೇಲೆ ತಾಳ ಹಾಕುತ್ತಿತ್ತು, ಭಾವನ ಎದೆ ಏರಿಳಿಯುವ ವೇಗಕ್ಕೆ ಸರಿಯಾಗಿ. ನಾನು ಅವನ ಕೈ ಗಟ್ಟಿಯಾಗಿ ಹಿಡಿದೆ.

"ಸಾಕು. ಈಗಲಾದರೂ ಓಡಿಸಬೇಡ ಅವರನ್ನು."

ಬೆರಳು ನಿಂತಿತು. ಎದೆ ಮಾತ್ರ ಅದೇ ವೇಗದಲ್ಲಿ ಏರಿಳಿಯುತ್ತಲೇ ಇತ್ತು.