ಹುಣಸೆಹಣ್ಣು ತಾಗಿದ ಫ್ರೆಂಚ್ ಪಿಂಗಾಣಿ

2014ರಲ್ಲಿ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿ ನಾನು ಹೋಮ್ ಹೆಲ್ಪ್ ಆಗಿದ್ದೆ. ಅಂದರೆ ವಯಸ್ಸಾದವರ ಮನೆಗೆ ಹೋಗಿ ಗುಡಿಸಿ, ತೊಳೆದು, ಬಡಿಸಿ ಬರುವ ಕೆಲಸ. ಮನೆವಾರ್ತೆ ಬಿಟ್ಟು ಬೇರೇನೂ ಬಾರದವಳಿಗೆ ಅಷ್ಟಾದರೂ ಸಿಕ್ಕಿದ್ದು ರಾಯರ ದಯೆ.

ಅಂಥ ಒಂದು ಮನೆಯಲ್ಲಿ ಎಂಬತ್ತಾರರ ಜೋನ್ ಆಂಟಿ ಒಬ್ಬರೇ ಇದ್ದರು. ಅವರ ಅಜ್ಜಿಯ ಕಾಲದ ಫ್ರೆಂಚ್ ಪಿಂಗಾಣಿ ತಟ್ಟೆಗಳಲ್ಲಿ ಮೂರು ವರ್ಷದ ಹಿಂದಿನ ಭೂಕಂಪದಿಂದ ಉಳಿದದ್ದು ಎಂಟು. ಕೈಯಲ್ಲೇ ಬರೆದ ಗುಲಾಬಿಗಳು, ಅಂಚಿಗೆ ಚಿನ್ನದ ಗೆರೆ. ಒಂದು ಶನಿವಾರ ಮಗಳು ಹೆಲೆನ್ ಊಟಕ್ಕೆ ಬರುವವಳಿದ್ದಳು. ತಟ್ಟೆ ತೊಳೆದಿಡಲು ಹೇಳಿ ಆಂಟಿ ಸ್ನಾನಕ್ಕೆ ಹೋದರು.

ಚಿನ್ನದ ಗೆರೆ ಮಂಕಾಗಿ ಕಂಡಿತು. ದೇವರ ಹಿತ್ತಾಳೆ ದೀಪ ಉಜ್ಜಿ ಬೆಳಗಿ ರೂಢಿಯಾದ ಕೈ. ಚೀಲದಲ್ಲಿ ಇಂಡಿಯನ್ ಅಂಗಡಿಯಿಂದ ತಂದ ಹುಣಸೆಹಣ್ಣಿತ್ತು. ಉಪ್ಪು ಸೇರಿಸಿ ಉಜ್ಜಿದೆ. ನೀರು ಹಾಕಿ ನೋಡಿದರೆ ಹೆಬ್ಬೆರಳುದ್ದ ಚಿನ್ನವೇ ಇಲ್ಲ, ಪಕ್ಕದ ಎಸಳೂ ಮಾಸಿತ್ತು. ಹಳೆಯ ಪಿಂಗಾಣಿಯಲ್ಲಿ ಇಂಥ ಬಣ್ಣ, ಚಿನ್ನ ಗ್ಲೇಜ್ ಎಂಬ ಗಾಜಿನಂಥ ಹೊಳಪಿನ ಮೇಲೆ ಕೂತಿರುತ್ತವೆ, ಹುಳಿ-ಉಪ್ಪು ತಡೆಯವು ಎಂದು ತಿಳಿದದ್ದು ಆಮೇಲೆ. ಒಂದೇ ತಟ್ಟೆಗೆ ನಿಂತಿತಲ್ಲ, ಅದೇ ಪುಣ್ಯ.

ನಮ್ಮ ಯಜಮಾನರಿಗೆ ಫೋನ್ ಮಾಡಿದೆ.

"ಬಾಯಿ ಬಿಡ್ಬೇಡ ಕಣೇ. ಎಲ್ಲದರ ಅಡೀಲಿ ಇಟ್ಬಿಡು. ಇಬ್ಬರ ಊಟಕ್ಕೆ ಎಂಟನೇ ತಟ್ಟೆ ಯಾಕೆ ತೆಗೀತಾರೆ?"

ಇಟ್ಟೆ. ಭೂಕಂಪವಾದಾಗಿನಿಂದ ಹೆಲೆನ್‌ಗೆ ಬಂದಾಗಲೆಲ್ಲ ತಟ್ಟೆ ಎಣಿಸುವ ಅಭ್ಯಾಸವೆಂದು ನನಗೇನು ಗೊತ್ತು? ಎಂಟನೆಯದನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು.

"ಮಮ್, ಏನು ಹಾಕಿ ಉಜ್ಜಿದೆ ಇದನ್ನ? ಹೋದ ವಾರ ನೀನು ಸ್ಟವ್ ಆಫ್ ಮಾಡೋದು ಮರೆತೆ, ಈಗ ಇದು. ಸೋಮವಾರವೇ ರೆಸ್ಟ್ ಹೋಮಿಗೆ ಫೋನ್ ಮಾಡ್ತೀನಿ."

ರೆಸ್ಟ್ ಹೋಮ್ ಎಂದರೆ ವೃದ್ಧಾಶ್ರಮ. ಆಂಟಿ ತಮ್ಮ ಕೈಗಳನ್ನೇ ನೋಡಿಕೊಂಡರು.

"ನಾನೇ ಇರಬೇಕು," ಎಂದರು ಸಣ್ಣಗೆ. "ನೆನಪಾಗ್ತಾ ಇಲ್ಲ."

ಕೆಲಸ ಹೋಗುವ ಭಯ ಒಂದು ಕಡೆ. ಆ ಮಾತು ಕೇಳಿದ ಮೇಲೆ ಮಾತ್ರ ನಾನು ಮುಂದೆ ಬಂದೆ.

"ಉಜ್ಜಿದ್ದು ನಾನು ಹೆಲೆನ್, ಹುಣಸೆಹಣ್ಣಲ್ಲಿ. ಬಚ್ಚಿಟ್ಟವಳೂ ನಾನೇ."

"ಹುಣಸೆಹಣ್ಣಾ?" ಹೆಲೆನ್ ಕುರ್ಚಿಗೆ ಕುಸಿದಳು.

"ಕೇಳಿಸ್ತಾ? ನನ್ನ ತಲೆ ನೆಟ್ಟಗಿದೆ," ಎಂದು ಆಂಟಿ ಮಗಳಿಗೆ ಚುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. "ಮೊದಲೇ ಹೇಳಬಾರದಿತ್ತಾ, ಡಿಯರ್? ಒಂದು ಗಳಿಗೆ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು."

ನನ್ನನ್ನು ಕೆಲಸಕ್ಕೆ ಕಳಿಸುತ್ತಿದ್ದ ಕಂಪನಿ ಎಚ್ಚರಿಕೆ ಪತ್ರ ಕೊಟ್ಟು ಸುಮ್ಮನಾಯಿತು. ಹೆಲೆನ್ ರೆಸ್ಟ್ ಹೋಮಿನ ಮಾತನ್ನು ಸದ್ಯಕ್ಕೆ ಬಿಟ್ಟಳು. ಎರಡೂ ದೇವರ ಕೃಪೆಯೇ. ಆದರೂ ಆ ಒಂದು ಗಳಿಗೆಯನ್ನು ನೆನೆದರೆ ಇವತ್ತಿಗೂ ಹೆದರುತ್ತೇನೆ. ವಯಸ್ಸಾದವರ ಮನೆಯಲ್ಲಿ ನಾವು ಬಚ್ಚಿಟ್ಟ ತಪ್ಪು ಅವರ ಮರೆವಿನ ಮೇಲೆ ಹೋಗಿ ಕೂರುತ್ತದೆ.