ಬಾಲ್ಬಿನೊ ಮೇಷ್ಟ್ರು ಕಾಯುತ್ತಿದ್ದ ಮಾತು

ಇಪ್ಪತ್ತೆರಡು ವರ್ಷ ನಾನು ಬಾಲ್ಬಿನೊ ಮೇಷ್ಟ್ರಿಗೆ ಬೆನ್ನು ಹಾಕಿಕೊಂಡೇ ಕೂತಿದ್ದೆ. ರಂಗದ ಅಂಚಿನ ಗೂಡಿನಲ್ಲಿ ನಟರಿಗೆ ಮರೆತ ಮಾತು ಎತ್ತಿಕೊಡುವವಳು ನಾನು. ನನ್ನ ಹಿಂದೆ, ವಾದ್ಯದವರನ್ನು ನಡೆಸುವ ಕೋಲು ಹಿಡಿದು ನಿಂತವರು ಅವರು. ನಮ್ಮದು ಸ್ಪೇನಿನ ಊರೂರು ತಿರುಗುವ ಸಾರ್ಸುವೆಲಾ ಮೇಳ, ಆಟದಲ್ಲಿ ಹಾಡಿನಷ್ಟೇ ಮಾತೂ ಉಂಟು. ಹಾಡು ನಡೆಸುವುದು ಯಾರಿಗಾದರೂ ಬಂದೀತು, ಮೇಷ್ಟ್ರ ಕಸುಬು ಇರುವುದು ಕಾಯುವುದರಲ್ಲಿ. ನಟನ ಕೊನೆಯ ಮಾತು ಬಿದ್ದ ಗಳಿಗೆಗೇ ವಾದ್ಯ ಏಳಬೇಕು. ಒಂದು ಉಸಿರು ಮುಂಚೆ ಎದ್ದರೂ ನಗೆ ಸತ್ತುಹೋಗುತ್ತದೆ.

ಅಂಥವರಿಗೆ ಐವತ್ತೆಂಟನೇ ವಯಸ್ಸಿಗೆ ಕಿವಿ ಕೈಕೊಟ್ಟಿತು. ವಾದ್ಯ ಕೇಳುತ್ತಿತ್ತು, ಮಾತು ಮಾತ್ರ ಬರೀ ಗೊಜಗೊಜ. ನನಗೊಬ್ಬಳಿಗೇ ಹೇಳಿದರು.

"ತುಟಿ ನೋಡಿ ನಿಭಾಯಿಸ್ತೀನಿ ಕಣೇ ವಿಸಿ, ತುಟಿ ಕಾಣ್ದಿದ್ರೆ ಕೈ ನೋಡ್ತೀನಿ. ಆದ್ರೆ ಇನ್ನೊಬ್ಬರಿಗೆ ಗೊತ್ತಾದ ದಿನ ಕೋಲು ಕೆಳಗಿಡ್ತೀನಿ. ಅಯ್ಯೋ ಪಾಪ ಅನ್ನಿಸ್ಕೊಂಡು ನಿಲ್ಲೋನಲ್ಲ ನಾನು."

ಕೋಲು ಬಿಟ್ಟರೆ ಆ ಮನುಷ್ಯನಿಗೆ ಇದ್ದದ್ದಾದರೂ ಏನು? ಹೆಂಡತಿಯಿಲ್ಲ, ಮನೆಯಿಲ್ಲ. ನಾನು ಬಾಯಿ ಹೊಲಿದುಕೊಂಡೆ.

ನಮ್ಮ ಹಾಸ್ಯಗಾರ ಸಿಲ್ವೆರಿಯೊ ಊರು ಸೇರಿದ ಕೂಡಲೇ ಕ್ಷೌರದಂಗಡಿಗೆ ಹೋಗಿ ಸುದ್ದಿ ಹೆಕ್ಕುವನು, ಸಂಜೆ ಅದನ್ನು ಮಾತಿನ ನಡುವೆ ತುರುಕುವನು. ಜನ ಬರುತ್ತಿದ್ದದ್ದೇ ಅದಕ್ಕೆ. ನಾಟಕದ ಪುಸ್ತಕ ಹಿಡಿದು ಸಾಲು ಹುಡುಕುತ್ತ ಕೂತ ನನ್ನ ಪಾಡು ಯಾರಿಗೆ ಬೇಕು! ಏನೇ ಸೇರಿಸಲಿ, ಕೊನೆಯ ಮಾತಿಗೆ ತಪ್ಪದೆ ಹ್ಯಾಟು ಎತ್ತುತ್ತಿದ್ದ. ಮೇಷ್ಟ್ರು ಆ ಹ್ಯಾಟನ್ನೇ ನಂಬಿದ್ದರು.

ಕಸ್ತೀಲ್ಯದ ಒಂದು ಸಣ್ಣ ಊರಿನಲ್ಲಿ ಆಟ. ಅಲ್ಲಿ ಹೊಸ ಕಾರಂಜಿ ಕಟ್ಟಿದ್ದರು, ನೀರೇ ಬಂದಿರಲಿಲ್ಲ. ಸಿಲ್ವೆರಿಯೊ ಜನರಿಗೆ ಬೆನ್ನು ಮಾಡಿ ಅದಿದ್ದ ದಿಕ್ಕಿಗೆ ತಿರುಗಿ, ಕಾರಂಜಿಗೊಂದು ನಮಸ್ಕಾರ ಎಂದು ಮಾತಿನ ನಡುವೆಯೇ ಹ್ಯಾಟು ಎತ್ತಿದ. ಮೇಷ್ಟ್ರು ಕೋಲು ಬೀಸಿಬಿಟ್ಟರು. ವಾದ್ಯವೆಲ್ಲ ಒಮ್ಮೆಗೇ ಮೊಳಗಿ ಅವನ ಮಾತು ಮುಳುಗಿಹೋಯಿತು.

ಪರದೆ ಬಿದ್ದಮೇಲೆ ಅವನು ಕೆಂಡವಾಗಿ ಇಳಿದುಬಂದ. ಮೇಷ್ಟ್ರು ಆ ಕಡೆ ತಿರುಗಿ ಹಾಳೆ ಜೋಡಿಸುತ್ತಿದ್ದರು.

"ಏನ್ ಮೇಷ್ಟ್ರೇ, ನನ್ನ ಮಾತಂದ್ರೆ ಅಷ್ಟು ಸಸಾರಾನಾ?"

ಮೇಷ್ಟ್ರು ಹಾಳೆ ಜೋಡಿಸುತ್ತಲೇ ಇದ್ದರು.

"ನಿಮ್ಮನ್ನೇ ಕೇಳ್ತಿರೋದು. ತಿರುಗಿ ನೋಡೋಕೂ ಆಗಲ್ವಾ?"

ಮೇಷ್ಟ್ರು ಸಣ್ಣಗೆ ರಾಗ ಗುನುಗಿಕೊಂಡರು. ಸಿಲ್ವೆರಿಯೊ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಮೇಷ್ಟ್ರ ಕಿವಿಯ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೊರಟುಹೋದ.

ಮರುದಿನದಿಂದ ಅವನು ಪುಸ್ತಕದಲ್ಲಿದ್ದದ್ದು ಬಿಟ್ಟು ಒಂದಕ್ಷರ ಸೇರಿಸಲಿಲ್ಲ. ಹ್ಯಾಟು ಕೊನೆಯ ಮಾತಿಗಷ್ಟೇ ಏಳುತ್ತಿತ್ತು. ಹೊಸದೇನಾದರೂ ಹೇಳಪ್ಪಾ ಎಂದು ಜನ ಗೋಗರೆದರು, ಆಮೇಲೆ ಸುಮ್ಮನಾದರು. ಪೋಸ್ಟರಿನಲ್ಲಿ ಅವನ ಹೆಸರು ಮೊದಲ ಸಾಲಿನಿಂದ ನಾಲ್ಕನೆಯದಕ್ಕೆ ಇಳಿಯಿತು. ಹೀಗೆ ಐದು ವರ್ಷ.

ಒಂದು ಮಧ್ಯಾಹ್ನ ಎಲ್ಲರೂ ಕಡಲೆ ಸಾರಿನ ಮುಂದೆ ಕೂತಿದ್ದಾಗ ಮೇಷ್ಟ್ರು ಕೆಣಕಿದರು: "ಏನೋ ಸಿಲ್ವೆರಿಯೊ, ಮೊದಲು ಊರಿಗೊಂದು ಮಾತು ಹುಟ್ಟಿಸ್ತಿದ್ದೆ. ಈಗ ಪಾಠ ಒಪ್ಪಿಸೋ ಹುಡುಗನ ಥರ ಆಗ್ಹೋದೆ. ವಯಸ್ಸಾಯ್ತೇನೋ?"

ಎಲ್ಲರೂ ನಕ್ಕರು. ನಿಜ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಸಿಲ್ವೆರಿಯೊ ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡ. ತುಟಿ ಚೆನ್ನಾಗಿ ಕಾಣುವ ಹಾಗೆ ಮೇಷ್ಟ್ರ ಕಡೆ ತಿರುಗಿ, ನಿಧಾನವಾಗಿ ಹೇಳಿದ:

"ಹೌದು ಮೇಷ್ಟ್ರೇ. ವಯಸ್ಸಾಯ್ತು."